ಕಂಪ್ಯೂಟರ್‌ಗೆ ಯುಎಸ್‌ಬಿ ಡ್ಯಾಕ್ ಹಾಕಿ ಹೆಡ್‌ಫೋನ್ ಕೇಳೋದು ಹೇಗೆ: ತಗೊಳ್ಳೋ ಮೊದ್ಲು, ಚುಚ್ಚಿದ ಮೇಲೆ

"ಡ್ಯಾಕ್ ತಂದೆ, ಚುಚ್ಚಿದೆ, ಏನೂ ವ್ಯತ್ಯಾಸಾನೇ ಗೊತ್ತಾಗ್ತಿಲ್ವಲ್ಲ?" ಅಂತ ತುಂಬಾ ಜನ ಕೇಳ್ತಾರೆ. ಇನ್ನೊಂದಷ್ಟು ಜನ "ಡ್ಯಾಕ್ ಹಾಕಿದ ಮೇಲೆ ಮೈಕ್ ಸತ್ತೇ ಹೋಯ್ತು" ಅಂತಾರೆ. ಇವೆರಡು ಪ್ರಶ್ನೆ ಎಷ್ಟು ಸಲ ಬಂದಿದೆ ಅಂದ್ರೆ, ಪ್ರತಿ ಸಲ ತುಂಡು ತುಂಡಾಗಿ ಉತ್ತರ ಕೊಡೋದಕ್ಕಿಂತ ಎಲ್ಲಾನೂ ಒಂದೇ ಕಡೆ ಬರೆದುಬಿಡೋಣ ಅನ್ನಿಸ್ತು.

ಮೊದಲು ಡ್ಯಾಕ್ ಅಂದ್ರೇನು ನೋಡೋಣ. ಕಂಪ್ಯೂಟರ್ ಒಳಗೆ ಹಾಡು ಅನ್ನೋದು ಬರೀ ಅಂಕಿಗಳು. ಸಿಡಿ ಗುಣಮಟ್ಟದ ಫೈಲ್ ಆದ್ರೆ ಒಂದು ಸೆಕೆಂಡಿಗೆ, ಒಂದು ಕಿವಿಗೆ, 44,100 ಅಂಕಿಗಳು. ಆ ಅಂಕಿಗಳನ್ನ ಹೆಡ್‌ಫೋನ್‌ಗೆ ಅರ್ಥ ಆಗೋ ವಿದ್ಯುತ್ ಅಲೆಯಾಗಿ ಬದಲಾಯಿಸೋದೇ ಡ್ಯಾಕ್ ಕೆಲಸ. ಡಿಜಿಟಲ್ ಟು ಅನಲಾಗ್ ಕನ್ವರ್ಟರ್ ಅನ್ನೋದರ ಗಿಡ್ಡ ಹೆಸರು ಅದು. ಆದ್ರೆ ಆ ಅಲೆ ತುಂಬಾ ಸಣ್ಣದು, ಅದಕ್ಕೆ ಹೆಡ್‌ಫೋನನ್ನ ಅಲುಗಾಡಿಸೋ ತಾಕತ್ತು ಇರಲ್ಲ, ಅದಕ್ಕೆ ಬೇಕಾದ ಬಲ ಕೊಡೋದು ಆಂಪ್ಲಿಫೈಯರ್, ಬಾಯಲ್ಲಿ ಆಂಪ್ ಅಂತೀವಿ. ನಾವು ಅಂಗಡೀಲಿ "ಯುಎಸ್‌ಬಿ ಡ್ಯಾಕ್" ಅಂತ ಕೇಳಿ ತಗೊಳ್ಳೋ ಡಬ್ಬೀಲಿ ಸಾಮಾನ್ಯವಾಗಿ ಇವೆರಡೂ ಇರುತ್ತೆ. ಕೆಲವು ಡಬ್ಬಿಗಳಲ್ಲಿ ಮಾತ್ರ ಆಂಪ್ ಇರಲ್ಲ, ಹಿಂದೆ ಬರೀ ಲೈನ್ ಔಟ್ ಇರುತ್ತೆ, ಅದಕ್ಕೆ ಹೆಡ್‌ಫೋನ್ ನೇರವಾಗಿ ಹಾಕೋ ಹಾಗಿಲ್ಲ, ಬೇರೆ ಆಂಪ್ ಬೇಕು. ತಗೊಳ್ಳುವಾಗ ಹೆಡ್‌ಫೋನ್ ಗುರುತು ಇರೋ ತೂತು ಇದ್ಯಾ ಅಂತ ಮೊದ್ಲು ನೋಡಿ.

ಈಗ ನಿಮ್ಮ ಕಂಪ್ಯೂಟರ್‌ನಲ್ಲೂ ಒಂದು ಡ್ಯಾಕ್ ಆಗಲೇ ಇದೆ, ಇಲ್ಲದೇ ಇದ್ರೆ ಹೆಡ್‌ಫೋನ್ ತೂತಿಂದ ಸೌಂಡೇ ಬರ್ತಿರಲಿಲ್ಲ. ಹಾಗಾದ್ರೆ ಹೊರಗಿಂದು ಯಾಕೆ? ನನ್ನ ಅನುಭವದಲ್ಲಿ ನಿಜವಾದ ಕಾರಣ ಮೂರೇ. ಒಂದು, ಒಳಗಿನ ಸೌಂಡ್‌ನಲ್ಲಿ ಗಲಾಟೆ ಇದೆ. ಎರಡು, ಹೆಡ್‌ಫೋನ್‌ಗೆ ಬೇಕಾದಷ್ಟು ಬಲ ಸಿಗ್ತಿಲ್ಲ. ಮೂರು, ತೂತೇ ಇಲ್ಲ ಅಥವಾ ಕೆಟ್ಟುಹೋಗಿದೆ. ಈ ಮೂರರಲ್ಲಿ ಒಂದೂ ನಿಮಗಿಲ್ಲ ಅಂದ್ರೆ, ಎಷ್ಟೇ ದೊಡ್ಡ ಡ್ಯಾಕ್ ತಂದ್ರೂ ನಿಮಗೆ ವ್ಯತ್ಯಾಸ ಕೇಳಿಸದೇ ಇರೋದೇ ಸರಿ, ನಿಮ್ಮ ಕಿವಿ ಏನೂ ಕೆಟ್ಟಿಲ್ಲ. ಡ್ಯಾಕ್ ಹಾಡಿಗೆ ಹೊಸದಾಗಿ ಏನೂ ಸೇರಿಸಲ್ಲ, ಇರೋ ತೊಂದರೆ ತೆಗೆಯುತ್ತೆ ಅಷ್ಟೇ. ಅದಕ್ಕೇ ದುಡ್ಡು ಖರ್ಚು ಮಾಡೋ ಮೊದ್ಲು ತೊಂದರೆ ಯಾವುದು ಅಂತ ಹಿಡಿಯಬೇಕು.

ಹಂತ 1: ನಿಮಗೆ ನಿಜವಾಗ್ಲೂ ಬೇಕಾ ಅಂತ ಪರೀಕ್ಷೆ ಮಾಡಿ

ಹೆಡ್‌ಫೋನನ್ನ ಕಂಪ್ಯೂಟರ್ ತೂತಿಗೆ ಹಾಕಿ, ಯಾವ ಹಾಡೂ ಹಾಕಬೇಡಿ, ವಾಲ್ಯೂಮ್ ನೀವು ಮಾಮೂಲಾಗಿ ಕೇಳೋವಷ್ಟೇ ಇಟ್ಟು ಒಂದು ನಿಮಿಷ ಸುಮ್ನೆ ಕೂತು ಕೇಳಿ. ಈಗ ಮೌಸ್ ಅಲುಗಾಡಿಸಿ. ಒಂದು ಉದ್ದದ ಪುಟ ತೆಗೆದು ಬೇಗ ಬೇಗ ಮೇಲೆ ಕೆಳಗೆ ಸ್ಕ್ರೋಲ್ ಮಾಡಿ. ಕಿವೀಲಿ ಜೀರುಂಡೆ ಥರ ಸಣ್ಣಗೆ ಚಿರ್ರ್ ಅಂತ ಬಂದು, ಸ್ಕ್ರೋಲ್ ನಿಲ್ಲಿಸಿದ ತಕ್ಷಣ ಅದೂ ನಿಂತ್ರೆ, ಸಿಕ್ಕಿತು ಕಳ್ಳ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಕರೆಂಟ್ ಎಳೆಯೋದು ಕ್ಷಣಕ್ಷಣಕ್ಕೂ ಬದಲಾಗ್ತಾ ಇರುತ್ತೆ, ಆ ಏರಿಳಿತ ಪಕ್ಕದಲ್ಲೇ ಇರೋ ಸೌಂಡ್ ಭಾಗಕ್ಕೆ ಸೋರುತ್ತೆ. ಇದಕ್ಕೆ ಹೊರಗಿನ ಡ್ಯಾಕ್ ಒಳ್ಳೇ ಮದ್ದು, ಯಾಕಂದ್ರೆ ಸೂಕ್ಷ್ಮವಾದ ಅನಲಾಗ್ ಕೆಲಸ ಆ ಗದ್ದಲದ ಡಬ್ಬಿಯಿಂದ ಆಚೆ ಬರುತ್ತೆ.

ಡೆಸ್ಕ್‌ಟಾಪ್ ಆದ್ರೆ ಇನ್ನೊಂದು ಮಾಡಿ, ಕ್ಯಾಬಿನೆಟ್ ಮುಂದಿನ ತೂತು ಬಿಟ್ಟು ಹಿಂದೆ ಮದರ್‌ಬೋರ್ಡ್‌ನ ಹಸಿರು ತೂತಿಗೆ ಹಾಕಿ ಕೇಳಿ. ಮುಂದಿನ ತೂತಿಗೆ ಒಳಗಡೆ ಉದ್ದದ ವೈರ್ ಹೋಗಿರುತ್ತೆ, ಗಲಾಟೆ ಎಲ್ಲ ಅದೇ ಹಿಡ್ಕೊಂಡು ಬರೋದು ಜಾಸ್ತಿ. ಹಿಂದೆ ಹಾಕಿದಾಗ ಸರಿ ಹೋದ್ರೆ ಒಂದು ಎಕ್ಸ್‌ಟೆನ್ಶನ್ ವೈರ್ ಸಾಕು, ಡ್ಯಾಕ್ ಬೇಡ.

ಎರಡನೇ ಪರೀಕ್ಷೆ ಬಲದ್ದು. ವಾಲ್ಯೂಮ್ ಪೂರ್ತಿ 100ಕ್ಕೆ ಏರಿಸಿದ್ರೂ ಇನ್ನೂ ಸ್ವಲ್ಪ ಇರಬೇಕಿತ್ತು ಅನ್ನಿಸ್ತಿದ್ರೆ ಬಲ ಸಾಲ್ತಿಲ್ಲ. 60–70ರಲ್ಲೇ ಸಾಕು ಸಾಕು ಅನ್ನಿಸಿದ್ರೆ ಬಲಕ್ಕೋಸ್ಕರ ಡ್ಯಾಕ್ ತಗೊಳ್ಳೋದು ವೇಸ್ಟ್.

ಇನ್ನು ಒಂದು ಮುಖ್ಯವಾದ ಎಚ್ಚರಿಕೆ. ನಿಮ್ಮದು ಬ್ಲೂಟೂತ್ ಹೆಡ್‌ಫೋನ್ ಆಗಿದ್ದು ಅದನ್ನ ಬ್ಲೂಟೂತ್‌ನಲ್ಲೇ ಕೇಳ್ತೀರ ಅಂದ್ರೆ, ಡ್ಯಾಕ್ ತರೋದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ಆ ಹೆಡ್‌ಫೋನ್ ಒಳಗೇ ಅದರದ್ದೇ ಡ್ಯಾಕ್, ಅದರದ್ದೇ ಆಂಪ್ ಇರುತ್ತೆ, ಕಂಪ್ಯೂಟರ್‌ಗೆ ಚುಚ್ಚಿದ ಡಬ್ಬಿಯನ್ನ ಅದು ಮುಟ್ಟೋದೇ ಇಲ್ಲ. ಯುಎಸ್‌ಬಿ ಪಿನ್ ಇರೋ ಗೇಮಿಂಗ್ ಹೆಡ್‌ಸೆಟ್‌ಗಳ ಕಥೇನೂ ಇದೇ. ಡ್ಯಾಕ್ ಬೇಕಾಗೋದು 3.5 ಮಿಲಿಮೀಟರ್, 6.35 ಮಿಲಿಮೀಟರ್ ಅಥವಾ 4.4 ಮಿಲಿಮೀಟರ್ ಪಿನ್ ಇರೋ ವೈರ್ ಹೆಡ್‌ಫೋನ್‌ಗೆ ಮಾತ್ರ.

ಹಂತ 2: ಹೆಡ್‌ಫೋನ್ ಬಾಕ್ಸ್ ಮೇಲಿರೋ ಎರಡು ಅಂಕಿ ಓದಿ

ಇಲ್ಲಿ ಸ್ವಲ್ಪ ಲೆಕ್ಕ ಇದೆ, ಹೆದರಬೇಡಿ, ಒಂದ್ಸಲ ಅರ್ಥ ಆದ್ರೆ ಮುಂದೆ ಯಾವತ್ತೂ ಯಾರನ್ನೂ ಕೇಳಬೇಕಾಗಿಲ್ಲ.

ಮೊದಲ ಅಂಕಿ ಇಂಪೀಡೆನ್ಸ್, ಓಮ್ ಲೆಕ್ಕದಲ್ಲಿ ಇರುತ್ತೆ. ಕರೆಂಟ್ ಹರಿಯೋದಕ್ಕೆ ಹೆಡ್‌ಫೋನ್ ಎಷ್ಟು ಅಡ್ಡಿ ಮಾಡುತ್ತೆ ಅನ್ನೋದು. ಕಿವಿ ಒಳಗೆ ಹಾಕೋ ಇಯರ್‌ಫೋನ್‌ಗಳು ಸುಮಾರು 16ರಿಂದ 32 ಓಮ್, ದೊಡ್ಡ ಸ್ಟುಡಿಯೋ ಹೆಡ್‌ಫೋನ್‌ಗಳಲ್ಲಿ 250, 300, 600 ಓಮ್‌ವರೆಗೂ ಸಿಗುತ್ತೆ. ಎರಡನೇ ಅಂಕಿ ಸೆನ್ಸಿಟಿವಿಟಿ, ಅಂದ್ರೆ ಇಷ್ಟು ಬಲ ಕೊಟ್ರೆ ಎಷ್ಟು ಜೋರಾಗಿ ಕೇಳಿಸುತ್ತೆ ಅನ್ನೋದು, ಇದು ಡೆಸಿಬಲ್ ಲೆಕ್ಕ.

ಒಂದು ಉದಾಹರಣೆ ಮಾಡೋಣ. ಹೆಡ್‌ಫೋನ್ 300 ಓಮ್, ಒಂದು ಮಿಲಿವ್ಯಾಟ್‌ಗೆ 97 ಡೆಸಿಬಲ್ ಅಂತಿದೆ ಅಂದ್ಕೊಳ್ಳಿ. ಹಾಡಿನ ಅತೀ ಜೋರಾದ ಕ್ಷಣಗಳಿಗೆ, ಅಂದ್ರೆ ತಬಲಾ ಏಟು ಬಿದ್ದಾಗಿನ ಆ ಚಿಟಿಕೆ ಹೊಡೆಯೋವಷ್ಟು ಹೊತ್ತಿಗೆ, 110 ಡೆಸಿಬಲ್ ಮುಟ್ಟೋಕೆ ಜಾಗ ಇರಲಿ ಅಂತ ಇಟ್ಕೊಳ್ಳೋಣ. 97ರಿಂದ 110ಕ್ಕೆ 13 ಡೆಸಿಬಲ್. ಪ್ರತಿ 10 ಡೆಸಿಬಲ್‌ಗೆ ಬಲ 10 ಪಟ್ಟು, ಪ್ರತಿ 3ಕ್ಕೆ ಎರಡು ಪಟ್ಟು, ಹಾಗಾಗಿ 13ಕ್ಕೆ 20 ಪಟ್ಟು, 20 ಮಿಲಿವ್ಯಾಟ್ ಬೇಕು. 300 ಓಮ್‌ನಲ್ಲಿ 20 ಮಿಲಿವ್ಯಾಟ್ ತಳ್ಳೋಕೆ ಸುಮಾರು 2.45 ವೋಲ್ಟ್ ಬೇಕು. ಈಗ 32 ಓಮ್, 100 ಡೆಸಿಬಲ್‌ದು ತಗೊಳ್ಳಿ, ಅದಕ್ಕೆ 10 ಮಿಲಿವ್ಯಾಟ್ ಸಾಕು, ವೋಲ್ಟೇಜ್ ಬರೀ 0.57. ಡಾಂಗಲ್ ಅನ್ನೋ ಬೆರಳುದ್ದದ ಡ್ಯಾಕ್‌ಗಳಲ್ಲಿ ತುಂಬಾವು ಸುಮಾರು 1 ವೋಲ್ಟ್ ಕೊಡುತ್ತವೆ, ಅಂದ್ರೆ ಎರಡನೇದಕ್ಕೆ ಡಾಂಗಲ್ ಧಾರಾಳ ಆಯ್ತು, ಮೊದಲನೇದಕ್ಕೆ ಅದು ಸಾಲಲ್ಲ, 2.5 ವೋಲ್ಟ್‌ಗಿಂತ ಜಾಸ್ತಿ ಕೊಡೋ ಡಬ್ಬಿ ಬೇಕು.

ಇಲ್ಲಿ ಎಡವೋ ಜಾಗ ಒಂದಿದೆ. ಕೆಲವು ಕಂಪನಿಗಳು ಸೆನ್ಸಿಟಿವಿಟೀನ ಒಂದು ಮಿಲಿವ್ಯಾಟ್‌ಗೆ ಇಷ್ಟು ಅಂತ ಬರೀತಾರೆ, ಕೆಲವರು ಒಂದು ವೋಲ್ಟ್‌ಗೆ ಇಷ್ಟು ಅಂತ. ಎರಡೂ ಡೆಸಿಬಲ್ಲೇ ಆದ್ರೂ ಒಂದೇ ಅಲ್ಲ. 32 ಓಮ್ ಹೆಡ್‌ಫೋನ್‌ನಲ್ಲಿ ಇವೆರಡರ ಮಧ್ಯೆ ಸುಮಾರು 15 ಡೆಸಿಬಲ್ ಅಂತರ ಬರುತ್ತೆ, 115 ಅಂತ ನೋಡಿ "ಅಬ್ಬಾ ಎಷ್ಟು ಸೆನ್ಸಿಟಿವ್" ಅಂದ್ಕೊಂಡಿದ್ದು ಇನ್ನೊಂದು ಲೆಕ್ಕದಲ್ಲಿ 100 ಆಗಿರುತ್ತೆ. ಹಾಗಾಗಿ ಅಂಕಿ ಪಕ್ಕದಲ್ಲಿ ವೋಲ್ಟ್ ಇದ್ಯಾ ಮಿಲಿವ್ಯಾಟ್ ಇದ್ಯಾ ನೋಡ್ಕೊಂಡೇ ಹೋಲಿಸಿ.

ಹಂತ 3: ಡಬ್ಬಿ ಆರಿಸುವಾಗ ಏನು ನೋಡಬೇಕು, ಏನು ಬಿಡಬೇಕು

ನೋಡಬೇಕಾದ್ದು: ನಿಮ್ಮ ಹೆಡ್‌ಫೋನ್‌ನ ಓಮ್‌ಗೆ ಎಷ್ಟು ಬಲ ಕೊಡುತ್ತೆ, ಮತ್ತೆ ಔಟ್‌ಪುಟ್ ಇಂಪೀಡೆನ್ಸ್ ಎಷ್ಟು. ಔಟ್‌ಪುಟ್ ಇಂಪೀಡೆನ್ಸ್ ಅಂದ್ರೆ ಆಂಪ್ ಕಡೆಯಿಂದಾನೇ ಇರೋ ಅಡ್ಡಿ. ಇದು ಹೆಡ್‌ಫೋನ್ ಇಂಪೀಡೆನ್ಸ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು ಅನ್ನೋದು ರೂಢಿಯಲ್ಲಿರೋ ನಿಯಮ. 16 ಓಮ್ ಇಯರ್‌ಫೋನ್ ಆದ್ರೆ 2 ಓಮ್‌ಗಿಂತ ಕಡಿಮೆ. ಜಾಸ್ತಿ ಇದ್ರೆ ಏನಾಗುತ್ತೆ ಅಂದ್ರೆ, ಹೆಡ್‌ಫೋನ್‌ನ ಇಂಪೀಡೆನ್ಸ್ ಎಲ್ಲಾ ಸ್ವರಕ್ಕೂ ಒಂದೇ ಇರಲ್ಲ, ಅದು ಏರಿದ ಕಡೆ ಸೌಂಡ್ ಉಬ್ಬುತ್ತೆ, ಇಳಿದ ಕಡೆ ತಗ್ಗುತ್ತೆ, ಹಾಡಿನ ಬಣ್ಣಾನೇ ಬದಲಾಗುತ್ತೆ. ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನೋ ಸಣ್ಣ ಯಂತ್ರ ಇರೋ ಇಯರ್‌ಫೋನ್‌ಗಳಲ್ಲಿ ಇದು ಚೆನ್ನಾಗೇ ಕೇಳಿಸುತ್ತೆ.

ಬಿಡಬೇಕಾದ್ದು: ಡಬ್ಬಿ ಮೇಲಿನ 32 ಬಿಟ್, 768 ಕಿಲೋಹರ್ಟ್ಸ್ ಅನ್ನೋ ದೊಡ್ಡ ದೊಡ್ಡ ಅಂಕಿಗಳು. ಮನುಷ್ಯರ ಕಿವಿ ಕೇಳೋದು ಹೆಚ್ಚು ಅಂದ್ರೆ 20 ಕಿಲೋಹರ್ಟ್ಸ್‌ವರೆಗೆ, ವಯಸ್ಸಾಗ್ತಾ ಅದೂ ಇಳಿಯುತ್ತೆ. ಸೆಕೆಂಡಿಗೆ 44.1 ಸಾವಿರ ಸಲ ಅಳತೆ ತಗೊಂಡ್ರೆ ಅದರ ಅರ್ಧ, ಅಂದ್ರೆ 22.05 ಕಿಲೋಹರ್ಟ್ಸ್‌ವರೆಗಿನ ಸೌಂಡ್ ಪೂರ್ತಿ ಹಿಡಿಯಬಹುದು. 1982ರಲ್ಲಿ ಸಿಡಿ ಬಂದಾಗ್ಲೇ ಈ ಲೆಕ್ಕ ಹಾಕಿ ಮಾಡಿದ್ದು. 16 ಬಿಟ್ ಅಂದ್ರೆ ಅತೀ ಮೆಲ್ಲನೆ ಮತ್ತೆ ಅತೀ ಜೋರಿನ ಮಧ್ಯೆ ಸುಮಾರು 96 ಡೆಸಿಬಲ್ ಜಾಗ, ಹಾಡು ಕೇಳೋದಕ್ಕೆ ಅದೇ ಬೇಕಾದಷ್ಟು.

ಚಿಪ್ ಹೆಸರಿನ ಹಿಂದೇನೂ ಬೀಳಬೇಡಿ. ಡ್ಯಾಕ್ ಚಿಪ್ ಮಾಡೋ ಇಎಸ್‌ಎಸ್, ಎಕೆಎಂ ಅನ್ನೋ ಎರಡು ಕಂಪನಿಗಳಲ್ಲಿ ಯಾರ ಚಿಪ್ ಒಳ್ಳೇದು ಅಂತ ಜಗಳಾನೇ ಆಡ್ತಾರೆ ಜನ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿರೋ ಎಕೆಎಂ ಕಾರ್ಖಾನೆಗೆ ಬೆಂಕಿ ಬಿದ್ದು ಆ ಚಿಪ್‌ಗಳು ಸಿಗದ ಹಾಗಾದಾಗ ಎಷ್ಟೋ ಡ್ಯಾಕ್ ಕಂಪನಿಗಳು ಬೇರೆ ಚಿಪ್ ಹಾಕಿ ಡಬ್ಬಿ ಮಾಡಿದ್ವು, ಅವೂ ಚೆನ್ನಾಗೇ ಇದ್ವು. ಚಿಪ್ ಸುತ್ತ ಇರೋ ಸರ್ಕ್ಯೂಟು, ಪವರ್ ಸಪ್ಲೈ, ಆಂಪ್ ಇವೇ ಮುಖ್ಯ. ಇನ್ನು ಸಾಧಾರಣ ಇಯರ್‌ಫೋನ್ ಇಟ್ಕೊಂಡು ಅದರ ಹತ್ತು ಪಟ್ಟು ಬೆಲೆಯ ಡ್ಯಾಕ್ ತರೋದು ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗೆ. ಕೈಯಲ್ಲಿ ದುಡ್ಡಿದ್ರೆ ಅದನ್ನ ಮೊದ್ಲು ಹೆಡ್‌ಫೋನ್ ಮೇಲೆ ಹಾಕಿ, ವ್ಯತ್ಯಾಸ ಕಣ್ಮುಚ್ಚಿಕೊಂಡು ಹೇಳೋವಷ್ಟು ಬರುತ್ತೆ. ಇದು ನಾನು ಮನಸಾರೆ ಹೇಳೋ ಮಾತು.

ಹಂತ 4: ಚುಚ್ಚೋದು

ಕೇಬಲ್ ಮೊದಲು. ಮನೇಲಿ ಬಿದ್ದಿರೋ ಯಾವುದೋ ಚಾರ್ಜರ್ ಕೇಬಲ್ ಹಾಕಿದ್ರೆ ಡಬ್ಬಿಯ ದೀಪ ಹತ್ತುತ್ತೆ, ಆದ್ರೆ ಕಂಪ್ಯೂಟರ್‌ಗೆ ಡ್ಯಾಕ್ ಕಾಣಿಸೋದೇ ಇಲ್ಲ. ಯಾಕಂದ್ರೆ ಕೆಲವು ಕೇಬಲ್‌ಗಳಲ್ಲಿ ಬರೀ ಚಾರ್ಜಿಂಗ್ ತಂತಿ ಇರುತ್ತೆ, ಡೇಟಾ ತಂತಿಯೇ ಇರಲ್ಲ. "ಡ್ಯಾಕ್ ಕೆಟ್ಟು ಬಂದಿದೆ" ಅಂತ ವಾಪಸ್ ಕಳಿಸೋ ಮೊದ್ಲು ಕೇಬಲ್ ಬದಲಾಯಿಸಿ ನೋಡಿ.

ಆಮೇಲೆ ಕಂಪ್ಯೂಟರ್‌ನ ಸ್ವಂತ ಪೋರ್ಟ್‌ಗೇ ಹಾಕಿ, ಒಂದು ಪೋರ್ಟನ್ನ ನಾಲ್ಕಾರು ಮಾಡೋ ಹಬ್ ಮೂಲಕ ಬೇಡ, ಕನಿಷ್ಠ ಮೊದಲ ಸಲ. ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್, ಯುಎಸ್‌ಬಿ 3.0 ಆದ್ರೆ 900. ಪವರ್ ಅಡಾಪ್ಟರ್ ಇಲ್ಲದ ಹಬ್‌ನಲ್ಲಿ ಇಷ್ಟನ್ನೇ ಮೌಸು, ಕೀಬೋರ್ಡು, ಹಾರ್ಡ್‌ಡಿಸ್ಕು ಎಲ್ಲ ಹಂಚ್ಕೊಳ್ಳಬೇಕು, ಅಲ್ಲಿ ಡ್ಯಾಕ್‌ಗೆ ಕರೆಂಟ್ ಸಾಲದೇ ಕಟ್ ಕಟ್ ಅಂತ ಸೌಂಡ್ ಒಡೆಯುತ್ತೆ.

ಡ್ರೈವರ್ ಬೇಕಾ? ಡ್ರೈವರ್ ಅಂದ್ರೆ ಆಪರೇಟಿಂಗ್ ಸಿಸ್ಟಮ್‌ಗೂ ಡಬ್ಬಿಗೂ ಮಾತಾಡಿಸೋ ದುಭಾಷಿ ಸಾಫ್ಟ್‌ವೇರ್. ಯುಎಸ್‌ಬಿ ಆಡಿಯೋಗೆ ಎರಡು ಮುಖ್ಯ ಪದ್ಧತಿ ಇದೆ, ಕ್ಲಾಸ್ 1 ಮತ್ತೆ ಕ್ಲಾಸ್ 2. ಕ್ಲಾಸ್ 1ರಲ್ಲಿ ಮಾಮೂಲಾಗಿ 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ಹೋಗಬಹುದು, ಎಲ್ಲಾ ಕಂಪ್ಯೂಟರ್‌ನಲ್ಲೂ ಹಾಗೇ ನಡೆಯುತ್ತೆ. ಅದಕ್ಕಿಂತ ಮೇಲಿನದಕ್ಕೆ ಕ್ಲಾಸ್ 2 ಬೇಕು. ಮ್ಯಾಕ್ ಮತ್ತೆ ಲಿನಕ್ಸ್‌ನಲ್ಲಿ ಇದಕ್ಕೆ ಎಷ್ಟೋ ವರ್ಷದಿಂದ ಬೆಂಬಲ ಇದೆ, ವಿಂಡೋಸ್‌ಗೆ ಮಾತ್ರ ಅದು ಬಂದಿದ್ದು 2017ರಲ್ಲಿ, ವಿಂಡೋಸ್ 10ರ 1703 ಅನ್ನೋ ಆವೃತ್ತಿಯಿಂದ. ಹಾಗಾಗಿ ಹಳೇ ವಿಂಡೋಸ್ 7 ಅಥವಾ 8 ಇನ್ನೂ ಬಳಸ್ತಿದ್ರೆ ಕ್ಲಾಸ್ 2 ಡ್ಯಾಕ್‌ಗೆ ಅದರ ಕಂಪನಿ ಸೈಟಿಂದ ಡ್ರೈವರ್ ಹಾಕಲೇಬೇಕು, ಹೊಸದಾದ್ರೆ ಸುಮ್ನೆ ಚುಚ್ಚಿ ಅರ್ಧ ನಿಮಿಷ ಕಾಯಿರಿ ಸಾಕು.

ಕೆಲವು ಡ್ಯಾಕ್‌ಗಳಲ್ಲಿ ಹೈ ಗೇನ್, ಲೋ ಗೇನ್ ಅಂತ ಒಂದು ಸಣ್ಣ ಸ್ವಿಚ್ ಇರುತ್ತೆ. ಗೇನ್ ಅಂದ್ರೆ ಆಂಪ್ ಎಷ್ಟು ಪಟ್ಟು ಹಿಗ್ಗಿಸಬೇಕು ಅನ್ನೋದು. ಯಾವಾಗ್ಲೂ ಲೋ ಗೇನ್‌ನಿಂದ ಶುರು ಮಾಡಿ, ವಾಲ್ಯೂಮ್ ಪೂರ್ತಿ ಇಳಿಸಿ, ಹೆಡ್‌ಫೋನ್ ಕಿವಿಗೆ ಹಾಕದೇ ಕುತ್ತಿಗೇಲಿ ಇಟ್ಕೊಂಡು ಮೊದಲ ಹಾಡು ಹಾಕಿ. ಲ್ಯಾಪ್‌ಟಾಪ್ ತೂತಿನ ಅಭ್ಯಾಸದಲ್ಲಿ ವಾಲ್ಯೂಮ್ 90ರಲ್ಲೇ ಬಿಟ್ಟು, ಹತ್ತು ಪಟ್ಟು ಬಲ ಇರೋ ಡಬ್ಬಿಗೆ ಹೆಡ್‌ಫೋನ್ ಚುಚ್ಚಿದ್ರೆ ಕಿವೀಗೆ ಬೀಳೋ ಏಟು ಸಣ್ಣದಲ್ಲ. ಹೋದ ಕಿವಿ ವಾಪಸ್ ಬರಲ್ಲ, ದಯವಿಟ್ಟು ಇದೊಂದನ್ನ ಹಗುರವಾಗಿ ತಗೋಬೇಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬಲ್‌ನಲ್ಲಿ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿಸಿದಾಗ್ಲೂ ಕೇಳಬಹುದಾದ ಹೊತ್ತು ಅರ್ಧ ಆಗ್ತಾ ಹೋಗುತ್ತೆ.

4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ತೂತು ಇರೋರಿಗೆ ಒಂದು ಮಾತು. ಅದರಲ್ಲಿ ಎಡ ಬಲ ಎರಡಕ್ಕೂ ಬೇರೆ ಬೇರೆ ನೆಗೆಟಿವ್ ತಂತಿ ಇರುತ್ತೆ. 3.5 ಪಿನ್‌ನ ಹೆಡ್‌ಫೋನನ್ನ ಅಡಾಪ್ಟರ್ ಹಾಕಿ ಆ ತೂತಿಗೆ ತೂರಿಸಿದ್ರೆ ಎರಡೂ ನೆಗೆಟಿವ್ ಒಂದಕ್ಕೊಂದು ಸೇರಿ ಶಾರ್ಟ್ ಆಗುತ್ತೆ, ಆಂಪ್ ಸುಟ್ಟು ಹೋಗಬಹುದು. 4.4 ಪಿನ್‌ನ ಹೆಡ್‌ಫೋನನ್ನ ಸರಿಯಾದ ಅಡಾಪ್ಟರ್‌ನಿಂದ 3.5 ತೂತಿಗೆ ಹಾಕಬಹುದು, ಉಲ್ಟಾ ಮಾತ್ರ ಬೇಡ್ವೇ ಬೇಡ.

ಹಂತ 5: ಕಂಪ್ಯೂಟರ್‌ಗೆ ಹೇಳೋದು

ವ್ಯತ್ಯಾಸ ಗೊತ್ತಾಗ್ತಿಲ್ಲ ಅನ್ನೋರಲ್ಲಿ ಒಂದಷ್ಟು ಜನ ಕೇಳ್ತಾ ಇರೋದು ಹಳೇ ತೂತನ್ನೇ. ಡ್ಯಾಕ್ ಚುಚ್ಚಿರ್ತಾರೆ, ಹೆಡ್‌ಫೋನ್ ಪಿನ್ ಮಾತ್ರ ಲ್ಯಾಪ್‌ಟಾಪಲ್ಲೇ ಇರುತ್ತೆ, ಅಥವಾ ಡ್ಯಾಕ್‌ಗೆ ಹಾಕಿದ್ರೂ ಒಳಗಿನ ಸೆಟ್ಟಿಂಗ್‌ಗಳು ಹಾಡನ್ನ ಕಲಸು ಮೇಲೋಗರ ಮಾಡಿ ಕಳಿಸ್ತಿರುತ್ತವೆ.

ವಿಂಡೋಸ್‌ನಲ್ಲಿ: ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಸೌಂಡ್. ಔಟ್‌ಪುಟ್ ಪಟ್ಟೀಲಿ ಡ್ಯಾಕ್ ಹೆಸರು ಆರಿಸಿ. ಆ ಹೆಸರಿನ ಮೇಲೆ ಒತ್ತಿ ಒಳಗೆ ಹೋದ್ರೆ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಅಂತ ಇರುತ್ತೆ, ಆಫ್ ಮಾಡಿ. ಸ್ಪೇಷಿಯಲ್ ಸೌಂಡ್ ಕೂಡ ಆಫ್, ಆಟಕ್ಕೆ ಬೇಕು ಅಂದ್ರೆ ಆಮೇಲೆ ಹಾಕ್ಕೊಳ್ಳಿ. ಅಲ್ಲೇ ಫಾರ್ಮ್ಯಾಟ್ ಅಂತ ಇರುತ್ತೆ, 24 ಬಿಟ್ ಜೊತೆ 44,100 ಅಥವಾ 48,000 ಇಡಿ. ಹಾಡೇ ಜಾಸ್ತಿ ಕೇಳೋರು 44,100, ವಿಡಿಯೋ ಮತ್ತೆ ಗೇಮ್ ಜಾಸ್ತಿ ಇರೋರು 48,000. ವಿಂಡೋಸ್ ಎಲ್ಲಾ ಆಪ್‌ಗಳ ಸೌಂಡನ್ನೂ ಒಟ್ಟು ಸೇರಿಸಿ ನೀವಿಟ್ಟ ಈ ಒಂದೇ ಅಳತೆಗೆ ಬದಲಾಯಿಸಿ ಕಳಿಸುತ್ತೆ, ಇದಕ್ಕೆ ರೀಸ್ಯಾಂಪ್ಲಿಂಗ್ ಅಂತಾರೆ. 384 ಸಾವಿರಕ್ಕೆ ಏರಿಸಿದ ಮಾತ್ರಕ್ಕೆ ಹಾಡಲ್ಲಿ ಇಲ್ಲದ್ದು ಹುಟ್ಟಲ್ಲ, ಕೆಲಸ ಜಾಸ್ತಿ ಆಗಿ ಸೌಂಡ್ ಒಡೆಯೋ ಸಾಧ್ಯತೆ ಮಾತ್ರ ಹುಟ್ಟುತ್ತೆ.

ಅದೇ ಪುಟದ ಕೆಳಗೆ ಮೋರ್ ಸೌಂಡ್ ಸೆಟ್ಟಿಂಗ್ಸ್ ಒತ್ತಿದ್ರೆ ಹಳೇ ಕಿಟಕಿ ತೆರೆಯುತ್ತೆ. ಅಲ್ಲಿ ಕಮ್ಯುನಿಕೇಷನ್ಸ್ ಅನ್ನೋ ಟ್ಯಾಬ್‌ಗೆ ಹೋಗಿ ಡೂ ನಥಿಂಗ್ ಅನ್ನೋದನ್ನ ಆರಿಸಿ. ಇಲ್ಲಾಂದ್ರೆ ಯಾರೋ ಕಾಲ್ ಮಾಡಿದ ತಕ್ಷಣ ವಿಂಡೋಸ್ ತಾನಾಗೇ ಬೇರೆಲ್ಲ ಸೌಂಡನ್ನ ಶೇಕಡ 80ರಷ್ಟು ಇಳಿಸಿಬಿಡುತ್ತೆ, ನೀವು ಡ್ಯಾಕ್ ಕೈಕೊಡ್ತು ಅಂದ್ಕೊಂಡು ತಲೆ ಕೆಡಿಸ್ಕೊಳ್ತೀರ. ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ನೀವು ಯಾವತ್ತೂ ಬಳಸದ ಮಾನಿಟರ್ ಸ್ಪೀಕರ್ ಥರದವು ಇದ್ರೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಮಾಡಿ, ಅಪ್‌ಡೇಟ್ ಆದಾಗೆಲ್ಲ ಸೌಂಡ್ ಮಾನಿಟರ್‌ಗೆ ಓಡಿಹೋಗೋದು ನಿಲ್ಲುತ್ತೆ.

ಮ್ಯಾಕ್‌ನಲ್ಲಿ: ಸೌಂಡ್ ಸೆಟ್ಟಿಂಗ್‌ನಲ್ಲಿ ಡ್ಯಾಕ್ ಆರಿಸಿ, ಆಮೇಲೆ ಯುಟಿಲಿಟೀಸ್ ಫೋಲ್ಡರ್‌ನಲ್ಲಿರೋ ಆಡಿಯೋ ಮಿಡಿ ಸೆಟಪ್ ತೆಗೆದು ಅಲ್ಲಿ ಫಾರ್ಮ್ಯಾಟ್ ಇಡಿ. ಕೆಲವು ಡ್ಯಾಕ್ ಹಾಕಿದಾಗ ಕೀಬೋರ್ಡ್‌ನ ವಾಲ್ಯೂಮ್ ಬಟನ್ ಕೆಲಸ ಮಾಡಲ್ಲ, ಅದು ತೊಂದರೆ ಅಲ್ಲ, ಡ್ಯಾಕ್ ಮೇಲಿನ ಗುಂಡಿ ತಿರುಗಿಸಿ ಅಂತ ಅರ್ಥ.

ಲಿನಕ್ಸ್‌ನಲ್ಲಿ: ಸೆಟ್ಟಿಂಗ್‌ನಲ್ಲಿ ಆರಿಸಿದ್ರೆ ಸಾಕು, ಆದ್ರೆ ಸೌಂಡ್ ತೀರಾ ಮೆಲ್ಲಗಿದ್ರೆ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆಗೆದು ಎಫ್6 ಒತ್ತಿ ಡ್ಯಾಕ್ ಆರಿಸಿ ನೋಡಿ, ಡ್ಯಾಕ್ ಒಳಗಿನ ವಾಲ್ಯೂಮ್ ಅಲ್ಲಿ ಅರ್ಧಕ್ಕೇ ನಿಂತಿರಬಹುದು. ಪೈಪ್‌ವೈರ್ (ಲಿನಕ್ಸ್‌ನಲ್ಲಿ ಸೌಂಡ್ ನೋಡ್ಕೊಳ್ಳೋ ಸಾಫ್ಟ್‌ವೇರ್) ಇರೋ ಸಿಸ್ಟಮ್‌ಗಳು ಹುಟ್ಟಾ 48,000ದಲ್ಲಿ ಓಡ್ತವೆ, ಹಾಗೇ ಬಿಟ್ರೂ ಏನೂ ನಷ್ಟ ಇಲ್ಲ.

ಇಷ್ಟೆಲ್ಲ ಮಾಡಿದ್ರೂ ಬ್ರೌಸರು, ಮೀಟಿಂಗ್ ಆಪ್‌ಗಳಿಗೆ ಅವುಗಳದ್ದೇ ಬೇರೆ ಸೌಂಡ್ ಸೆಟ್ಟಿಂಗ್ ಇರುತ್ತೆ. ಹಾಡು ಡ್ಯಾಕ್‌ನಲ್ಲಿ ಬಂದು ಕಾಲ್ ಮಾತ್ರ ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಬಂದ್ರೆ ಆಪ್ ಒಳಗೆ ಹೋಗಿ ನೋಡಿ.

ಹಂತ 6: ವಾಲ್ಯೂಮ್ ಎಲ್ಲಿ ತಿರುಗಿಸೋದು?

ಕಂಪ್ಯೂಟರ್ ವಾಲ್ಯೂಮ್ 100ರಲ್ಲಿಟ್ಟು ಡ್ಯಾಕ್ ಗುಂಡಿಯಲ್ಲೇ ಏರಿಳಿಸಬೇಕು, ಇಲ್ಲಾಂದ್ರೆ ಕ್ವಾಲಿಟಿ ಹೋಗುತ್ತೆ ಅಂತ ತುಂಬಾ ಕಡೆ ಹೇಳ್ತಾರೆ. ಅರ್ಧ ನಿಜ. ಕಂಪ್ಯೂಟರ್‌ನಲ್ಲಿ 6 ಡೆಸಿಬಲ್ ಇಳಿಸಿದಾಗ ಒಂದು ಬಿಟ್ ಹೋದ ಹಾಗೆ. ಆದ್ರೆ ನೀವು 24 ಬಿಟ್ ಇಟ್ಟಿದ್ದೀರಿ, ಹಾಡಿರೋದು 16 ಬಿಟ್, ಅಂದ್ರೆ 8 ಬಿಟ್, ಸುಮಾರು 48 ಡೆಸಿಬಲ್ ಇಳಿಸೋವರೆಗೂ ಹಾಡಿನ ಅಂಕಿ ಉಳ್ಕೊಂಡೇ ಇರುತ್ತೆ. ಹಾಗಾಗಿ ಕಂಪ್ಯೂಟರ್‌ನಲ್ಲಿ ಇಳಿಸಿದ್ರೆ ಪ್ರಪಂಚ ಮುಳುಗಲ್ಲ. ನಾನು ಮಾಡೋದು ಹೀಗೆ: ಕಂಪ್ಯೂಟರ್ 70–80ರಲ್ಲಿ, ಡ್ಯಾಕ್ ಗುಂಡಿ ನನಗೆ ಹಿತ ಆಗೋ ಕಡೆ. ಯಾಕಂದ್ರೆ ಅಕಸ್ಮಾತ್ ಗುಂಡಿಗೆ ಕೈ ತಾಗಿದ್ರೂ ಕಿವಿ ಉಳಿಯುತ್ತೆ. ಗುಂಡಿಯ ತೀರಾ ಶುರುವಿನಲ್ಲಿ ಎಡಗಿವಿಗೂ ಬಲಗಿವಿಗೂ ಸೌಂಡ್ ಸಮ ಇಲ್ಲದ ಹಾಗೆ ಅನ್ನಿಸಿದ್ರೆ ಲೋ ಗೇನ್ ಇಟ್ಟು ಕಂಪ್ಯೂಟರ್ ವಾಲ್ಯೂಮ್ ಇನ್ನೂ ಇಳಿಸಿ, ಗುಂಡಿ ಮಧ್ಯಕ್ಕೆ ಬರಲಿ, ಸರಿಹೋಗುತ್ತೆ. ಅನಲಾಗ್ ಗುಂಡಿಗಳ ಹಣೆಬರಹ ಅದು.

ಹಂತ 7: ಬೇಕಿದ್ರೆ ಮಾತ್ರ — ಎಕ್ಸ್‌ಕ್ಲೂಸಿವ್ ಮೋಡ್, ಈಕ್ವಲೈಸರ್

ಎಕ್ಸ್‌ಕ್ಲೂಸಿವ್ ಮೋಡ್ ಅಂದ್ರೆ ಒಂದೇ ಆಪ್ ಡ್ಯಾಕನ್ನ ಪೂರ್ತಿ ತನ್ನ ಹಿಡಿತಕ್ಕೆ ತಗೊಳ್ಳೋದು, ವಿಂಡೋಸ್ ಮಧ್ಯೆ ಬಂದು ಬದಲಾಯಿಸಲ್ಲ. ಫೂಬಾರ್2000 ಥರದ ಪ್ಲೇಯರ್‌ಗಳಲ್ಲಿ ಇದಿದೆ. ಕೆಲವು ಡ್ಯಾಕ್‌ಗಳಲ್ಲಿ ಹಾಡಿನ ಸ್ಯಾಂಪಲ್ ರೇಟ್‌ಗೆ, ಅಂದ್ರೆ ಸೆಕೆಂಡಿಗೆ ಎಷ್ಟು ಅಂಕಿ ಅನ್ನೋದಕ್ಕೆ, ತಕ್ಕ ಹಾಗೆ ದೀಪದ ಬಣ್ಣ ಬದಲಾಗುತ್ತೆ, ಒಂದು 44.1ರ ಹಾಡು ಮುಗಿದು 96ರದ್ದು ಶುರು ಆದಾಗ ಸಣ್ಣದೊಂದು ಟಕ್ ಅಂತ ಶಬ್ದ ಬಂದು ಬಣ್ಣ ಬದಲಾದ್ರೆ ಸರಿಯಾಗಿ ಹೋಗ್ತಿದೆ ಅಂತ ಅರ್ಥ. ಆದ್ರೆ ಇದು ಆನ್ ಇದ್ದಾಗ ಬೇರೆ ಯಾವ ಆಪ್‌ನಿಂದಲೂ ಸೌಂಡ್ ಬರಲ್ಲ. "ವಿಡಿಯೋಗೆ ಸೌಂಡೇ ಇಲ್ಲ" ಅನ್ನೋ ದೂರುಗಳಲ್ಲಿ ಒಂದಷ್ಟು ಇದೇ.

ಈಕ್ವಲೈಸರ್ ಬಗ್ಗೆ ನನಗೆ ತುಂಬಾ ಒಲವು. ಹೆಡ್‌ಫೋನ್‌ನ ಚುಚ್ಚೋ ಸ್ವರ ಇಳಿಸೋದು, ಕಮ್ಮಿ ಇರೋ ಬೇಸ್ ಏರಿಸೋದು ಇವನ್ನ ಡ್ಯಾಕ್ ಬದಲಾಯಿಸಿ ಮಾಡೋಕಾಗಲ್ಲ, ಈಕ್ವಲೈಸರ್‌ನಲ್ಲಿ ಆಗುತ್ತೆ. ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ ಅಂತ ಉಚಿತ ಸಾಫ್ಟ್‌ವೇರ್ ಇದೆ. ಎರಡು ಕಡೆ ಹುಷಾರು. ಹೊಸ ಡ್ಯಾಕ್ ಹಾಕಿದ ಮೇಲೆ ಅದರ ಡಿವೈಸ್ ಪಟ್ಟೀಲಿ ಹೊಸ ಡ್ಯಾಕ್‌ಗೆ ಟಿಕ್ ಹಾಕಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕು, ಹಳೇದಕ್ಕೆ ಹಾಕಿದ್ದು ಇದಕ್ಕೆ ಅನ್ವಯ ಆಗಲ್ಲ. ಮತ್ತೆ ಯಾವುದೋ ಸ್ವರನ 6 ಡೆಸಿಬಲ್ ಏರಿಸಿದ್ರೆ ಪ್ರೀಆಂಪ್ ಅನ್ನೋದನ್ನ ಮೈನಸ್ 6ಕ್ಕೆ ಇಳಿಸಿ, ಇಲ್ಲಾಂದ್ರೆ ಅಲೆಯ ತುದಿ ಕತ್ತರಿಸಿ ಸೌಂಡ್ ಬಿರಿಯುತ್ತೆ. ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿ ಈ ಈಕ್ವಲೈಸರ್ ಕೆಲಸ ಮಾಡಲ್ಲ, ಎರಡರಲ್ಲಿ ಒಂದು ಆರಿಸ್ಕೊಳ್ಳಿ. ನಾನಂತೂ ಈಕ್ವಲೈಸರ್ ಆರಿಸ್ತೀನಿ.

ಹಳೇದು ಹೊಸದು ಹೋಲಿಸಿ ನೋಡ್ತೀನಿ ಅನ್ನೋರು ಎರಡರ ಸೌಂಡ್ ಮಟ್ಟ ಒಂದೇ ಮಾಡ್ಕೊಂಡು ಹೋಲಿಸಿ. ಒಂದು ಡೆಸಿಬಲ್ ಜೋರಿದ್ರೂ ಸಾಕು, ಕಿವಿ ಅದನ್ನೇ "ಚೆನ್ನಾಗಿದೆ" ಅನ್ನುತ್ತೆ.

ಹಂತ 8: ತೊಂದರೆ ಬಂದಾಗ

*ಕಟ್ ಕಟ್ ಅಂತ ಒಡೆಯೋದು.* ಪೋರ್ಟ್ ಬದಲಾಯಿಸಿ, ಹಬ್ ತೆಗೀರಿ, ಕೇಬಲ್ ಬದಲಾಯಿಸಿ, ಇದೇ ಕ್ರಮದಲ್ಲಿ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಇದ್ರೆ ಆಫ್ ಮಾಡಿ. ಡ್ಯಾಕ್ ಡ್ರೈವರ್‌ನಲ್ಲಿ ಬಫರ್ ಸೈಜ್ ಅಂತ ಇದ್ರೆ ಏರಿಸಿ. ಬಫರ್ ಅಂದ್ರೆ ಮುಂಚೆನೇ ತುಂಬಿಸಿಟ್ಕೊಳ್ಳೋ ತೊಟ್ಟಿ ಇದ್ದ ಹಾಗೆ, ದೊಡ್ಡದಿದ್ರೆ ನಲ್ಲಿ ಒಂದು ಕ್ಷಣ ನಿಂತ್ರೂ ನೀರು ನಿಲ್ಲಲ್ಲ.

*ಗುಂಯ್ ಅನ್ನೋ ಶಬ್ದ.* ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರೀಲಿ ಓಡಿಸಿ. ಶಬ್ದ ನಿಂತ್ರೆ ಅದು ಗ್ರೌಂಡ್ ಲೂಪ್, ಅಂದ್ರೆ ಭೂಮಿ ತಂತಿ ಎರಡು ದಾರೀಲಿ ಸೇರಿ ಸುತ್ತು ಹಾಕ್ಕೊಂಡಿದೆ. ಡ್ಯಾಕ್‌ಗೆ ಬೇರೆ ಪವರ್ ಅಡಾಪ್ಟರ್ ಇದ್ರೆ ಅದನ್ನೂ ಲ್ಯಾಪ್‌ಟಾಪನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿ ನೋಡಿ. ಹೋಗಲಿಲ್ಲ ಅಂದ್ರೆ, ಕಂಪ್ಯೂಟರ್ ಮತ್ತೆ ಡ್ಯಾಕ್ ಎರಡರಲ್ಲೂ ಆಪ್ಟಿಕಲ್ ತೂತಿದ್ರೆ ಅದರಲ್ಲಿ ಜೋಡಿಸಿ, ಅದರಲ್ಲಿ ಹೋಗೋದು ಬೆಳಕು, ಕರೆಂಟ್ ಅಲ್ಲ. ಕಂಪ್ಯೂಟರ್‌ಗೂ ಡ್ಯಾಕ್‌ಗೂ ಮಧ್ಯೆ ಕರೆಂಟಿನ ನಂಟು ಕಡಿಯೋ ಯುಎಸ್‌ಬಿ ಐಸೊಲೇಟರ್ ತಗೊಳ್ಳೋದಾದ್ರೆ ಅದರ ವೇಗ ನೋಡಿ. ಎಷ್ಟೋ ಐಸೊಲೇಟರ್‌ಗಳು ಸೆಕೆಂಡಿಗೆ 12 ಮೆಗಾಬಿಟ್‌ನವು, ಕ್ಲಾಸ್ 2 ಡ್ಯಾಕ್‌ಗಳಲ್ಲಿ ಕೆಲವು ಅದರಲ್ಲಿ ಕಾಣಿಸೋದೇ ಇಲ್ಲ. ಅರ್ಥಿಂಗ್ ಪಿನ್ ಮುರಿದು ಹಾಕೋ ಉಪಾಯ ಯಾರಾದ್ರೂ ಹೇಳಿದ್ರೆ ಕೇಳಬೇಡಿ, ಅದು ನಿಮ್ಮ ಪ್ರಾಣ ಕಾಯೋ ತಂತಿ.

*ಹಾಡಿನ ಮೊದಲ ಅರ್ಧ ಸೆಕೆಂಡ್ ನುಂಗೋದು.* ಸೌಂಡ್ ಇಲ್ಲದಾಗ ಕೆಲವು ಡ್ಯಾಕ್ ಮಲಗುತ್ತವೆ, ಏಳೋಕೆ ಅಷ್ಟು ಹೊತ್ತು ಬೇಕು. ಕೆಟ್ಟಿಲ್ಲ.

*ಒಂದೇ ಕಿವೀಲಿ ಸೌಂಡ್.* ಪಿನ್ ಪೂರ್ತಿ ಒಳಗೆ ಹೋಗಿದ್ಯಾ ನೋಡಿ, ಟಕ್ ಅನ್ನೋವರೆಗೂ ತಳ್ಳಿ. ಆಮೇಲೆ ಅದೇ ಹೆಡ್‌ಫೋನ್ ಫೋನ್‌ಗೆ ಹಾಕಿ ನೋಡಿದ್ರೆ ತಪ್ಪು ಯಾರದು ಅಂತ ಗೊತ್ತಾಗುತ್ತೆ.

*ಮೈಕ್ ಸತ್ತಿದೆ.* ನಿಮ್ಮ ಇಯರ್‌ಫೋನ್ ಪಿನ್ ಮೇಲೆ ಕಪ್ಪು ಉಂಗುರ ಎಣಿಸಿ. ಮೂರಿದ್ರೆ ಅದರಲ್ಲಿ ಮೈಕ್ ತಂತಿಯೂ ಇದೆ, ಎರಡಿದ್ರೆ ಇಲ್ಲ. ಟೇಬಲ್ ಮೇಲಿಡೋ ಡ್ಯಾಕ್‌ಗಳಲ್ಲಿ ಹೆಚ್ಚಿನವು ಸೌಂಡ್ ಹೊರಗೆ ಕಳಿಸೋಕೆ ಮಾತ್ರ ಮಾಡಿರೋವು, ಮೈಕ್ ತಂತಿ ಹಿಡ್ಕೊಳ್ಳೋಕೆ ಅವುಗಳಲ್ಲಿ ಏನೂ ಇರಲ್ಲ, ಯಾವ ಸೆಟ್ಟಿಂಗ್ ಬದಲಾಯಿಸಿದ್ರೂ ಬರಲ್ಲ. ಸುಲಭದ ದಾರಿ ಅಂದ್ರೆ ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್‌ಗೆ ಡ್ಯಾಕ್, ಇನ್‌ಪುಟ್‌ಗೆ ಲ್ಯಾಪ್‌ಟಾಪ್‌ನ ಮೈಕ್ ಆರಿಸೋದು, ಇವೆರಡೂ ಒಂದೇ ಇರಬೇಕು ಅಂತೇನಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಮೈಕೇ ಇಲ್ಲ ಅಂದ್ರೆ ಬೇರೆ ಯುಎಸ್‌ಬಿ ಮೈಕ್ ಹಾಕಿ. ಕಾಲ್‌ಗೆ ಕೂರೋ ಐದು ನಿಮಿಷ ಮೊದ್ಲು ಮೀಟಿಂಗ್ ಆಪ್‌ನ ಟೆಸ್ಟ್ ಬಟನ್ ಒತ್ತಿ, ನಿಮ್ಮ ಮಾತು ನಿಮಗೇ ವಾಪಸ್ ಕೇಳಿಸಿದ್ರೆ ಎಲ್ಲಾ ಸರಿ ಇದೆ.